ಉರಿಸಿದವರಿಗೆ ಉಡುಗೊರೆ

ನಮ್ಮತ್ತೆ ತಮ್ಮ ಎಪ್ಪತ್ತಾರು ವರ್ಷದಲ್ಲಿ ದುಡ್ಡಿನ ವಿಷಯದಲ್ಲಿ ಮಾಡಿದ್ದು ಒಂದೇ ತಪ್ಪು. 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ದಿನಾ ಲೈಟ್ ಆರಿಸಿದ್ದು.

ಆರಿಸಬಾರದಿತ್ತು. ಆದರೆ ಆಗ ಯಾರಿಗೆ ಗೊತ್ತಿತ್ತು?

ನಮ್ಮದು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಹಳೆ ಹೆಂಚಿನ ಮನೆ. ಅತ್ತೆಯ ತವರು ತೀರ್ಥಹಳ್ಳಿ ಕಡೆ. ಅಲ್ಲಿಂದ ಅವರು ತಂದ ಬಳುವಳಿ ಎಂದರೆ ಏನನ್ನೂ ಎಸೆಯದ ಅಭ್ಯಾಸ. ಹೀರೇಕಾಯಿ ಬಂದರೆ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಕಲ್ಲಂಗಡಿಯ ಕೆಂಪು ಮೊಮ್ಮಗಳಿಗೆ, ಬಿಳಿ ದೋಸೆಗೆ. ಹಲಸಿನ ಹಣ್ಣು ಯಾವಾಗಲೋ ಮುಗಿದಿರುತ್ತದೆ, ಅದರ ಬೀಜ ಆಗಸ್ಟ್ ತಿಂಗಳ ಸಾರಿನಲ್ಲಿ ಮತ್ತೆ ಎದುರಾಗುತ್ತದೆ. ಹಿತ್ತಲಿನ ಒಂದೆಲಗ ಒಂದು ಹಿಡಿ, ಮಜ್ಜಿಗೆ ಒಂದು ಲೋಟ, ನಾಲ್ಕು ಜನರಿಗೆ ತಂಬುಳಿ. ಮಾವನವರ ಪಂಚೆ ಅವರು ಹೋದ ಮೇಲೂ ಹನ್ನೊಂದು ವರ್ಷ ಕೆಲಸ ಮಾಡಿತು. ಮೊದಲು ಹಪ್ಪಳ ಒಣಗಿಸಲು, ಆಮೇಲೆ ಮಸಿಬಟ್ಟೆಯಾಗಿ, ಕೊನೆಗೆ ಸೈಕಲ್ ಒರೆಸಲು.

ಕರೆಂಟಿನ ವಿಷಯದಲ್ಲಂತೂ ಕೇಳಲೇಬೇಡಿ. ನಾವು ಕೋಣೆಯಿಂದ ಹೊರಗೆ ಬರುವ ಮೊದಲೇ ಲೈಟ್ ಆರುತ್ತದೆ. ಎಷ್ಟೋ ಸಲ ನಾವು ಒಳಗೇ ಇರುತ್ತೇವೆ. ಗೀಸರ್ ಇಲ್ಲ. ಬಚ್ಚಲೊಲೆ, ತಾಮ್ರದ ಹಂಡೆ, ಊರಿಂದ ಚೀಲದಲ್ಲಿ ಬರುವ ಅಡಿಕೆ ಸಿಪ್ಪೆ. ಮಳೆಗಾಲದಲ್ಲಿ ಅದೇ ಒಲೆಯ ಬಿಸಿಗೆ ಬಟ್ಟೆಯೂ ಒಣಗುತ್ತದೆ. ಕಾಲೇಜಿನಲ್ಲಿ ಮಗಳ ಪಕ್ಕ ಕೂತವರಿಗೆ ಹೊಗೆಯ ವಾಸನೆ ಬರುತ್ತದೆ ಅನ್ನುವುದು ಬೇರೆ ಮಾತು.

ಹೀಗೆ ನಮ್ಮ ಮನೆಯ ಕರೆಂಟ್ ತಿಂಗಳಿಗೆ 31 ಯೂನಿಟ್. ಅತ್ತೆ ಅದನ್ನು ಮೊಮ್ಮಗಳ ಮಾರ್ಕ್ಸ್ ಹೇಳುವಷ್ಟೇ ಹೆಮ್ಮೆಯಿಂದ ನೆಂಟರ ಮುಂದೆ ಹೇಳುತ್ತಿದ್ದರು.

2023ರ ಜುಲೈನಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್‌ವರೆಗೆ ಉಚಿತ! ಅತ್ತೆ ದೇವರಿಗೆ ಒಂದು ಬತ್ತಿ ಜಾಸ್ತಿ ಹಚ್ಚಿದರು. ಆಮೇಲೆ ನಮ್ಮನೆಯವರು ಪೇಪರ್ ಓದಿ ನಿಯಮ ಬಿಡಿಸಿ ಹೇಳಿದರು. 200 ಎಲ್ಲರಿಗೂ ಅಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದೀರಿ ನೋಡುತ್ತಾರೆ, ಅದರ ಮೇಲೆ ಶೇ 10 ಸೇರಿಸುತ್ತಾರೆ, ಅಷ್ಟು ಮಾತ್ರ ಪುಕ್ಕಟೆ. ನಮ್ಮದು 31. ಶೇ 10 ಅಂದರೆ ಮೂರು. ಒಟ್ಟು 34.

ಎದುರುಮನೆಯವರದ್ದು ತಿಂಗಳಿಗೆ 150. ಅವರಲ್ಲಿ ಎರಡು ಫ್ರಿಜ್, ಒಂದು ಗೀಸರ್. ಯಾರೂ ಇಲ್ಲದಿದ್ದರೂ ಟೀವಿ ತನ್ನಷ್ಟಕ್ಕೆ ಮಾತಾಡುತ್ತಿರುತ್ತದೆ. ಗಣಪತಿ ಹಬ್ಬಕ್ಕೆ ಹಾಕಿದ ಸೀರಿಯಲ್ ಸೆಟ್ಟು ಯುಗಾದಿಯವರೆಗೆ ಮಿಣಮಿಣ ಅನ್ನುತ್ತದೆ. ಅವರಿಗೆ 165.

"ಎಂತ ಮಾರಾಯ್ತಿ ಇದು!" ಅಂದರು ಅತ್ತೆ. "ಆರಿಸಿದವರಿಗೆ ಮೂವತ್ನಾಲ್ಕು, ಉರಿಸಿದವರಿಗೆ ನೂರರವತ್ತೈದಾ?"

ಇಷ್ಟಕ್ಕೇ ಮುಗಿಯಲಿಲ್ಲ. ಹೊಸದಾಗಿ ಕಟ್ಟಿದ ಮನೆಗೆ ಹಳೆ ಲೆಕ್ಕವೇ ಇರುವುದಿಲ್ಲವಲ್ಲ. ಅವರಿಗೆ ರಾಜ್ಯದ ಸರಾಸರಿ 53 ಯೂನಿಟ್ ಅಂತ ಹಿಡಿದು, ಶೇ 10 ಸೇರಿಸಿ, 58 ಕೊಟ್ಟರು. ಅಂದರೆ ಏನೂ ಉಳಿಸದ, ಏನೂ ಉರಿಸದ, ಇನ್ನೂ ಗೃಹಪ್ರವೇಶದ ಮಾವಿನ ತೋರಣ ಬಾಡದ ಮನೆಗೂ ನಮಗಿಂತ 24 ಜಾಸ್ತಿ. ಈ ಮನೆ ಕೆಡವಿ ಹೊಸದು ಕಟ್ಟಿದರೆ ಎಷ್ಟು ಖರ್ಚಾಗಬಹುದು ಅಂತ ಅತ್ತೆ ಒಂದು ಸಂಜೆ ಗಂಭೀರವಾಗಿಯೇ ವಿಚಾರಿಸಿದರು.

ಯೋಜನೆ ಬೇಡ ಅಂತ ನಾನು ಹೇಳುತ್ತಿಲ್ಲ. ಸೊನ್ನೆ ಬಿಲ್ಲು ಬಂದ ತಿಂಗಳು ನಮ್ಮನೆಯಲ್ಲೂ ತುಪ್ಪ ಬಂದಿದೆ. 2024ರ ಆರಂಭದಲ್ಲಿ ಸರ್ಕಾರಕ್ಕೂ ಏನೋ ಅನ್ನಿಸಿತು. ತೀರಾ ಕಡಿಮೆ ಉರಿಸುವವರಿಗೆ ಶೇ 10ರ ಬದಲು 10 ಯೂನಿಟ್ ಅಂತ ತಿದ್ದಿದರು. ನಮಗೆ 41 ಆಯಿತು. ಅಷ್ಟರಲ್ಲಿ ಮಗಳು ಪಿಯುಸಿಗೆ ಬಂದು ರಾತ್ರಿ ಓದು ಶುರುವಾಗಿತ್ತು. ಒಂದು ತಿಂಗಳು 47 ಬಂತು. ಎದುರುಮನೆಯವರು 163 ಉರಿಸಿ ಸೊನ್ನೆ ಕಟ್ಟಿದರು. ನಾವು 47 ಉರಿಸಿ ದುಡ್ಡು ಕಟ್ಟಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದರು. ಕಾಲು ಮಡಚಿ ಮಲಗಿದವರ ಹಾಸಿಗೆಯನ್ನು ಅಳೆದು, ಇವರಿಗೆ ಇಷ್ಟೇ ಸಾಕು ಅಂತ ಉಳಿದದ್ದನ್ನು ಕತ್ತರಿಸುತ್ತಾರೆ ಅಂತ ಮಾತ್ರ ಹೇಳಿರಲಿಲ್ಲ.

ಅತ್ತೆಯ ಚಿಕ್ಕಮ್ಮನ ಮನೆ ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನೀರು ಬಂತು, ಅವರು ಗಂಟು ಕಟ್ಟಿದರು. ಹೊಸ ಜಾಗದಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಗತಿ. ನಾಡಿಗೆಲ್ಲ ಕರೆಂಟು ಕೊಡಲು ಮನೆ ಮುಳುಗಿಸಿಕೊಂಡವರ ಸರಾಸರಿ ಆಗ ಸೊನ್ನೆ. ಸೊನ್ನೆಗೆ ಶೇ 10 ಸೇರಿಸಿದರೆ ಎಷ್ಟೇ, ಅಂತ ಅತ್ತೆ ಮೊಮ್ಮಗಳನ್ನು ಕೇಳಿದರು. ಲೆಕ್ಕದಲ್ಲಿ ಚುರುಕಾದ ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ಕರೆಂಟ್ ಕಥೆ ಇದಾದರೆ, ಬ್ಯಾಂಕಿನದು ಇನ್ನೊಂದು.

ನನ್ನ ಹೆಸರಲ್ಲಿ ಒಂದು ಉಳಿತಾಯ ಖಾತೆ ಇತ್ತು. ಮಗಳ ಕಾಲೇಜು ಫೀಸು ಕಟ್ಟಿದ ತಿಂಗಳು ಅದರಲ್ಲಿ 640 ರೂಪಾಯಿ ಉಳಿಯಿತು. ಇರಬೇಕಾದಷ್ಟು ದುಡ್ಡು ಖಾತೆಯಲ್ಲಿ ಇಲ್ಲ ಅಂತ ಬ್ಯಾಂಕಿನವರು ಇದ್ದದ್ದರಲ್ಲೇ ದಂಡ ಹಿಡಿದರು. ದುಡ್ಡಿಲ್ಲದ ತಪ್ಪಿಗೆ ದುಡ್ಡು! ದಂಡದ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೇರೆ. ಜಿಎಸ್‌ಟಿ ಯಾಕೆ ಅಂದರೆ, ಅದೂ ಒಂದು ಸೇವೆಯಂತೆ. ನನ್ನ ಜೇಬಿಗೆ ಕೈ ಹಾಕಿದ್ದು ಸೇವೆ. ನಮ್ಮೂರ ಸಂತೆಯಲ್ಲಿ ಈ ಸೇವೆ ಮಾಡುವವರನ್ನು ಜನ ಕಂಬಕ್ಕೆ ಕಟ್ಟುತ್ತಿದ್ದರು. ಈಚೆಗೆ ಕೆಲವು ಸರ್ಕಾರಿ ಬ್ಯಾಂಕುಗಳು ಈ ದಂಡ ಕೈಬಿಟ್ಟಿವೆ ಅಂತ ಓದಿದೆ. ಒಳ್ಳೆಯದು. ನನ್ನ 640 ಅಷ್ಟರಲ್ಲಿ ಸೇವೆ ಪಡೆದು ಮುಗಿದಿತ್ತು.

ಮಳೆಗಾಲ ಹಿಡಿಯುವ ಮೊದಲು ಹೆಂಚು ಸರಿಮಾಡಿಸಿ, ಪಕಾಸಿ ಬದಲಾಯಿಸಬೇಕಿತ್ತು. ಒಂದು ಲಕ್ಷ ಸಾಲ ಕೇಳೋಣ ಅಂತ ನಮ್ಮನೆಯವರು ಇನ್ನೊಂದು ಬ್ಯಾಂಕಿಗೆ ಹೋದರು. ಇವರು ಅಡಿಕೆ ಮಂಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಲೆಕ್ಕ ಬರೆಯುವವರು. ಯಾರ ಹತ್ತಿರವೂ ಒಂದು ರೂಪಾಯಿ ಕೈಗಡ ಕೇಳಿದವರಲ್ಲ. ಅಂಗಡಿಯಲ್ಲಿ ಉದ್ರಿ ಇಲ್ಲ, ಕಂತು ಇಲ್ಲ. ಆ ಹುಡುಗ ಕಂಪ್ಯೂಟರ್ ನೋಡಿದ. ಮುಖ ಸಣ್ಣ ಮಾಡಿದ.

"ಸಾರ್, ನಿಮ್ಮ ಕ್ರೆಡಿಟ್ ಸ್ಕೋರ್ ಮೈನಸ್ ಒಂದು."

"ಮೈನಸ್ಸಾ? ನಾನು ಯಾರಿಗೂ ಬಾಕಿ ಇಲ್ವಲ್ಲಪ್ಪ."

"ಅದೇ ಸಾರ್ ಪ್ರಾಬ್ಲಮ್ಮು. ನೀವು ಸಾಲಾನೇ ಮಾಡಿಲ್ಲ. ಮೊದಲು ಒಂದು ಸಾಲ ಮಾಡಿ, ತೀರಿಸಿ. ಆಮೇಲೆ ಸಾಲ ಸಲೀಸಾಗಿ ಸಿಗುತ್ತೆ."

"ಆ ಮೊದಲನೇ ಸಾಲ ಯಾರು ಕೊಡ್ತಾರೆ?"

ಹುಡುಗ ಒಳ್ಳೆಯವನು. ತುಸು ಯೋಚಿಸಿ, ಒಂದು ಕ್ರೆಡಿಟ್ ಕಾರ್ಡ್ ಮಾಡಿಸಿಕೊಳ್ಳಿ, ಸುಮ್ನೆ ಏನಾದರೂ ಕೊಳ್ಳುತ್ತಾ ಇರಿ ಅಂದ.

ಸ್ಕೋರು 300ರಿಂದ 900ರವರೆಗೆ ಇರುತ್ತದೆ. ಸಾಲ ಮಾಡಿ, ಕಂತು ತಪ್ಪಿಸಿ, ಬ್ಯಾಂಕಿನವರು ಬಂದರೆ ಹಿತ್ತಲ ಬಾಗಿಲಿಂದ ತೋಟಕ್ಕೆ ಇಳಿಯುವವನಿಗೂ 300 ಗ್ಯಾರಂಟಿ. ನಮ್ಮನೆಯವರಿಗೆ ಮೈನಸ್ ಒಂದು. ಮನೆಗೆ ಬಂದು ಅಂಗಿ ತೆಗೆದು ಗೂಟಕ್ಕೆ ಹಾಕಿದರು, ಊಟಕ್ಕೆ ಕೂತರು, ಏನೂ ಮಾತಾಡಲಿಲ್ಲ. ಇಪ್ಪತ್ತೆಂಟು ವರ್ಷ ಬೇರೆಯವರ ಲೆಕ್ಕ ಸರಿಯಾಗಿ ಬರೆದ ಮನುಷ್ಯ. ಹೆಂಚನ್ನು ಆ ವರ್ಷ ಊರಿಂದ ಭಾವ ಬಂದು ಸರಿಮಾಡಿಕೊಟ್ಟರು. ಪಕಾಸಿ ಹಾಗೇ ಇದೆ. ಒಂದು ಕಡೆ ಸೋರುತ್ತದೆ, ಅಲ್ಲಿ ಪಾತ್ರೆ ಇಟ್ಟಿದ್ದೇವೆ. ಆ ನೀರೂ ವ್ಯರ್ಥವಾಗುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಇಂಥ ನಮಗೆ ಉಳಿತಾಯ ಕಲಿಸಲು ಒಂದು ಶಿಬಿರ ಬಂತು.

ಕಲ್ಯಾಣ ಮಂಟಪದಲ್ಲಿ ಬೆಳಿಗ್ಗೆ ಹತ್ತಕ್ಕೆ. ಗೃಹಿಣಿಯರಿಗೆ ಪ್ರವೇಶ ಉಚಿತ, ಊಟವೂ ಉಂಟು. ಊಟ ಉಂಟು ಅಂದಮೇಲೆ ಅತ್ತೆಯೂ ಹೊರಟರು. ಒಳಗೆ ಎ.ಸಿ. ಓಡುತ್ತಿತ್ತು, ನಾಲ್ಕೂ ಬಾಗಿಲು ತೆರೆದಿತ್ತು. ಹಗಲಲ್ಲೇ ಎಲ್ಲ ಲೈಟು. ಅತ್ತೆ ಸ್ವಿಚ್ ಬೋರ್ಡ್ ಹುಡುಕುತ್ತಿದ್ದರು, ನಾನು ಕೈ ಹಿಡಿದು ಕೂರಿಸಿದೆ.

ಮಾತಾಡಲು ಬಂದವರು ಬೆಂಗಳೂರಿನವರು. ಪರದೆಯ ಮೇಲೆ ಒಂದು ಚಿತ್ರ ತೋರಿಸಿ, ನಿಮ್ಮ ಸಂಬಳವನ್ನು 50-30-20 ಅಂತ ಭಾಗ ಮಾಡಿ ಅಂದರು. 50 ಅಗತ್ಯಕ್ಕೆ, 30 ಆಸೆಗೆ, 20 ಉಳಿತಾಯಕ್ಕೆ. ನಾನು ಅಲ್ಲೇ ಪೆನ್ನು ತೆಗೆದು ಹಾಕಿದೆ. ಅಕ್ಕಿ, ಹಾಲು, ಗ್ಯಾಸು, ಫೀಸು, ಅತ್ತೆಯ ಬಿಪಿ ಶುಗರಿನ ಮಾತ್ರೆ, ತರಕಾರಿ, ಮೊಬೈಲ್ ಕರೆನ್ಸಿ. ಅಗತ್ಯವೇ 91ಕ್ಕೆ ಹೋಯಿತು. ಉಳಿದದ್ದು ಒಂಬತ್ತು. ಅದರಲ್ಲಿ 30 ಆಸೆಪಡಬೇಕು, 20 ಉಳಿಸಬೇಕು.

"ಸಾರ್, ಮುಯ್ಯಿ ಯಾವುದಕ್ಕೆ ಬರುತ್ತೆ?" ಅಂತ ಹಿಂದಿನಿಂದ ಒಬ್ಬರು ಕೇಳಿದರು.

ಅವರು, ಅದು ಆಸೆಯ ಭಾಗ, ಬೇಕಾದರೆ ಕೊಡಿ ಇಲ್ಲದಿದ್ದರೆ ಬಿಡಿ ಅಂದರು. ಸಭೆಯಲ್ಲಿ ಒಂದು ನಗು ಎದ್ದಿತು. ಬೇಕಾದರೆ ಅಂತೆ! ಮದುವೆ ಸೀಸನ್ನಿನಲ್ಲಿ ವಾರಕ್ಕೆ ಮೂರು ಕಾಗದ ಬರುತ್ತವೆ. ಯಾರು ನಮ್ಮ ಗೃಹಪ್ರವೇಶಕ್ಕೆ 201 ಹಾಕಿದ್ದರು, ಯಾರು 501 ಅಂತ ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್ ಇದೆ. ಇಪ್ಪತ್ತು ವರ್ಷವಾದರೂ ಅದು ಸುಳ್ಳು ಹೇಳುವುದಿಲ್ಲ. ನಿಜವಾದ ಕ್ರೆಡಿಟ್ ಸ್ಕೋರ್ ಅಂದರೆ ಅದು. ಅದರಲ್ಲಿ ನಮ್ಮನೆಯವರದ್ದು 900.

ಆಮೇಲೆ ಕಾಫಿಯ ಪಾಠ. "ನೀವು ದಿನಾ ಕುಡಿಯೋ 200 ರೂಪಾಯಿ ಕಾಫಿ ಬಿಟ್ಟರೆ ವರ್ಷಕ್ಕೆ 73,000 ಉಳಿಯುತ್ತೆ, ಯೋಚನೆ ಮಾಡಿ!" ನಾವು ಯೋಚನೆ ಮಾಡಿದೆವು. ನಾನು ಗಾಂಧಿ ಬಜಾರಿಗೆ ಹೋದರೆ ಗೆಳತಿಯ ಜೊತೆ ಬೈಟು ಕುಡಿಯುವವಳು. 200 ರೂಪಾಯಿಯ ಕಾಫಿ ಬಿಡಬೇಕಾದರೆ ಮೊದಲು ದಿನಕ್ಕೆ ಹತ್ತು ಲೋಟ ಕುಡಿಯುವುದನ್ನು ಕಲಿಯಬೇಕು. ಪಕ್ಕದ ಜಿಲ್ಲೆಯಲ್ಲೇ ಕಾಫಿ ಬೆಳೆಯುತ್ತಾರೆ, ಅವರೂ ಅಷ್ಟು ಕುಡಿಯಲಿಕ್ಕಿಲ್ಲ. ಅದಾದ ಮೇಲೆ ಗೀಸರ್ ಕೊಳ್ಳುವಾಗ ಐದು ಸ್ಟಾರಿನದ್ದೇ ಕೊಳ್ಳಿ, ಕರೆಂಟ್ ಉಳಿಯುತ್ತದೆ ಅಂದರು.

ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದರು. "ಇವ್ರದ್ದೆಲ್ಲ ಒಂದೇ ಮಂತ್ರ ಕಣೇ. ಮೊದಲು ಉರಿಸಿ, ಆಮೇಲೆ ಆರಿಸಿ. ಮೊದಲು ಸಾಲ ಮಾಡಿ, ಆಮೇಲೆ ತೀರಿಸಿ. ಮೊದಲು ಕುಡಿರಿ, ಆಮೇಲೆ ಬಿಡಿ. ಸುಮ್ನೆ ಕೂತವ್ರಿಗೆ ಎಂತದೂ ಇಲ್ಲ."

ಊಟ ಮಾತ್ರ ಚೆನ್ನಾಗಿತ್ತು. ಎಲೆಯಲ್ಲಿ ಅರ್ಧ ಬಿಟ್ಟು ಎದ್ದವರೇ ಜಾಸ್ತಿ.

ಹೊರಡುವಾಗ ಅತ್ತೆ ಕಾಣಲಿಲ್ಲ. ಹುಡುಕಿದರೆ ವೇದಿಕೆಯ ಹಿಂದೆ ನಿಂತು ಸಂಘಟಕರ ಹತ್ತಿರ ಏನೋ ಮಾತಾಡುತ್ತಿದ್ದರು. ವೇದಿಕೆಗೆ ಕಟ್ಟಿದ್ದ ಹನ್ನೆರಡು ಅಡಿಯ ಫ್ಲೆಕ್ಸ್ ಬೇಕಂತೆ. ಅವರಿಗೂ ಅದನ್ನು ಏನು ಮಾಡುವುದು ಅಂತ ಗೊತ್ತಿರಲಿಲ್ಲ, ಸುತ್ತಿ ಕೊಟ್ಟರು. ಈಗ ಅದು ನಮ್ಮ ಹಿತ್ತಲಲ್ಲಿ ಅಡಿಕೆ ಸಿಪ್ಪೆಯ ರಾಶಿಯ ಮೇಲಿದೆ. ಮಳೆಗೆ ಒಂದು ಹನಿ ಒಳಗೆ ಇಳಿದಿಲ್ಲ. ಆ ಶಿಬಿರದಿಂದ ನಮಗಾದ ಉಳಿತಾಯ ಅಷ್ಟು.

ವಾಪಸ್ ಬರುವಾಗ ಆ ಸುರುಳಿ ಹಿಡಿದುಕೊಂಡೇ ತೀರ್ಥಹಳ್ಳಿ ಕಡೆ ತಂಗಿಯ ಮನೆಗೆ ಹೋಗಿಬರುತ್ತೇನೆ ಅಂತ ಅತ್ತೆ ಹಟ ಹಿಡಿದರು. ಹೆಂಗಸರಿಗೆ ಬಸ್ಸು ಪುಕ್ಕಟೆ ಅಲ್ವಾ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಆದರೆ ಪುಕ್ಕಟೆ ಇರುವುದು ಸರ್ಕಾರಿ ಬಸ್ಸಿನಲ್ಲಿ, ನಮ್ಮ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಟಿಕೆಟ್ ಸೊನ್ನೆ, ಬಸ್ಸೂ ಸೊನ್ನೆ. ಒಂದೂವರೆ ಗಂಟೆ ಕಾದು ಮನೆಗೆ ಬಂದೆವು. ಆಟೋಕ್ಕೆ 60 ಕೊಟ್ಟೆವು.

ಕಳೆದ ತಿಂಗಳು ಬೀದಿಯಲ್ಲಿ ಒಂದು ಸುದ್ದಿ ಹಬ್ಬಿತು. ನಲ್ಲಿಗೆ ಮೀಟರ್ ಕೂರಿಸಿದ್ದಾರಲ್ಲ, ನೀರಿಗೂ ಒಂದು ದಿನ ಉಚಿತ ಯೋಜನೆ ಬರುತ್ತದೆ, ಆಗ ಹಿಂದಿನ ಸರಾಸರಿಯನ್ನೇ ನೋಡುತ್ತಾರೆ ಅಂತ. ಯಾರು ಹಬ್ಬಿಸಿದರೋ, ಬುಡವಿಲ್ಲದ ಮಾತು. ಆದರೆ ಒಮ್ಮೆ ಕೈ ಸುಟ್ಟುಕೊಂಡವರಿಗೆ ಬುಡ ಬೇಕಿಲ್ಲ. ರಾತ್ರಿ ಅತ್ತೆ ಘೋಷಣೆ ಮಾಡಿದರು: ನಾಳೆಯಿಂದ ನಮ್ಮನೆಯಲ್ಲೂ ನೀರು ಪೋಲು ಮಾಡುವುದು. ಸರಾಸರಿ ಏರಬೇಕು.

ಬೆಳಿಗ್ಗೆ ಐದಕ್ಕೆ ಎದ್ದು ನಲ್ಲಿ ಪೂರ್ತಿ ತಿರುಗಿಸಿದರು. ಮೀಟರ್ ಗರಗರ ತಿರುಗಿತು. ಎರಡು ನಿಮಿಷ ನೋಡಿದರು. ನೀರು ಮೋರಿಗೆ ಹೋಗುತ್ತಿತ್ತು. ಅವರ ಕೈ ಒಂಥರಾ ಆಡತೊಡಗಿತು. ಮೆಲ್ಲಗೆ ಒಂದು ಕೊಡ ತಂದು ಇಟ್ಟರು. ಅದು ತುಂಬಿತು, ಇನ್ನೊಂದು. ಆಮೇಲೆ ಹಂಡೆ, ಬಕೆಟ್ಟು, ದೋಸೆ ಹಿಟ್ಟಿನ ಡಬರಿ, ಪ್ರೆಶರ್ ಕುಕ್ಕರ್, ಕೊನೆಗೆ ದೇವರ ಪಂಚಪಾತ್ರೆ. ಎಂಟು ಗಂಟೆಗೆ ನಾನು ಎದ್ದು ಬಂದಾಗ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆ ನೀರನ್ನು ನಾವು ಮೂರು ದಿನ ಬಳಸಿದೆವು. ಮೂರು ದಿನವೂ ಮೀಟರ್ ಅಲ್ಲಾಡಲಿಲ್ಲ.