ಕೋಲಾರದ ಪುಟ್ಟ ರೈಲು ಸೊರಗಿದ್ದೇಕೆ?

ಕೋಲಾರ–ಚಿಕ್ಕಬಳ್ಳಾಪುರ ಸೀಮೆಯ ನ್ಯಾರೋಗೇಜ್ (ಕಿರು ಅಗಲದ ಹಳಿಯ) ರೈಲು ಬಸ್ಸುಗಳ ಪೈಪೋಟಿಯಿಂದಲೇ ಸೊರಗಿತೆಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಈ ವಿವರಣೆ ನನಗೆ ಸಾಲದೆನಿಸುತ್ತದೆ. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೂ, 1915ರಲ್ಲಿ ಬೆಂಗಳೂರಿನ ಕಡೆಯಿಂದ ದೇವನಹಳ್ಳಿ, ನಂದಿ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೂ ರೈಲು ಬಂದಾಗ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದರು. ಎರಡೂವರೆ ಅಡಿ ಅಗಲದ ಹಳಿಗೆ ಖರ್ಚು ಕಡಿಮೆ. ಹೆಚ್ಚು ಅಗಲದ ಹಳಿಯ ಬ್ರಾಡ್‌ಗೇಜಿಗೇ ಕಾದಿದ್ದರೆ ಈ ಊರುಗಳು ರೈಲನ್ನು ಕಾಣಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ!

ತೊಡಕು ಇದ್ದದ್ದು ಎರಡು ತುದಿಗಳಲ್ಲಿ. ಬಂಗಾರಪೇಟೆಯಲ್ಲಿ ಬ್ರಾಡ್‌ಗೇಜ್, ಯಲಹಂಕದಲ್ಲಿ ಒಂದು ಮೀಟರ್ ಅಗಲದ ಮೀಟರ್‌ಗೇಜ್ ಇದ್ದು, ನ್ಯಾರೋಗೇಜ್ ವ್ಯಾಗನ್ನು ಆ ಹಳಿಗಳ ಮೇಲೆ ಓಡಲಾರದ್ದರಿಂದ, ಚಿಂತಾಮಣಿಯಲ್ಲಿ ಹೇರಿದ ಹುಣಸೆಹಣ್ಣಿನ ಮೂಟೆ ಮದರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಇಳಿದು, ಹಮಾಲಿಯ ಬೆನ್ನೇರಿ, ಮತ್ತೊಂದು ವ್ಯಾಗನ್ನಿಗೆ ಹತ್ತಬೇಕಿತ್ತು. ಮಂಡಿಯ ಬಾಗಿಲಿಗೇ ಬರುವ ಲಾರಿಗೆ ಈ ರಗಳೆಯಿರಲಿಲ್ಲ. ಆದ್ದರಿಂದ ಬಸ್ಸಿಗಿಂತಲೂ ಲಾರಿಯೇ ಈ ಮಾರ್ಗದ ಆದಾಯಕ್ಕೆ ದೊಡ್ಡ ಪೆಟ್ಟು ಕೊಟ್ಟಿತೆಂಬುದು ನನ್ನ ಅಭಿಪ್ರಾಯ.

ಕೋಲಾರ–ಚಿಕ್ಕಬಳ್ಳಾಪುರ ನಡುವೆ ಬ್ರಾಡ್‌ಗೇಜ್ ರೈಲು ಓಡಿದ್ದು 2013ರಲ್ಲಿ. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳನ್ನು ಪೋಣಿಸಿದ್ದ ಆ ಹಳೆಯ ದಾರಿ ಹಾಗೆಯೇ ಉಳಿದಿರುವುದನ್ನು ನೋಡಿದರೆ, ಅದನ್ನು ಗುರುತಿಸಿದವರ ಆಯ್ಕೆ ಸರಿಯಾಗಿತ್ತೆಂದು ಒಪ್ಪಲೇಬೇಕು.