ಗೊರಗೊರ ಇರಲಿ, ಹಾಡು ಉಳಿಯಲಿ

ಬೆಳಿಗ್ಗೆಯಿಂದ ಒಂದೇ ಹಾಡು ನಾಲ್ಕೈದು ಕಡೆಯಿಂದ ಫೋನಿಗೆ ಬಂದಿದೆ. ಹಳೇ ಜನಪದ ಗ್ರಾಮಫೋನ್ ಪ್ಲೇಟು, 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು). 'ಅಪರೂಪದ್ದು, ಈಗಷ್ಟೇ ಸಿಕ್ಕಿದ್ದು, ಗೊರಗೊರ ಸದ್ದೆಲ್ಲ ತೆಗೆದು ಸ್ವಚ್ಛ ಮಾಡಿದ್ದೇವೆ' ಅಂತ ಒಕ್ಕಣೆ. ಸಿಕ್ಕಿದ್ದಕ್ಕೆ ನಿಜಕ್ಕೂ ಸಂತೋಷ. ಆದರೆ ಕೇಳಿದರೆ ಹಾಡುವವರು ನೀರಿನೊಳಗೆ ಕೂತು ಹಾಡಿದ ಹಾಗಿದೆ. ಸಕಾರ, ಶಕಾರ, ಚಕಾರ ಎಲ್ಲ ಒಂದೇ. ತಾಳದ ಕಿಣಿಕಿಣಿ ಇಲ್ಲ, ಸಾಲಿನ ನಡುವೆ ಉಸಿರು ಎಳೆದುಕೊಳ್ಳುವುದೂ ಇಲ್ಲ. ಲೇಬಲ್ಲಿನ ಫೋಟೋ ಹಾಕಿಲ್ಲ. ಕೊನೆಯನ್ನು ಗಪ್ಪನೆ ಕತ್ತರಿಸಿದ್ದಾರೆ. ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ ಅಂತ ಇಲ್ಲಿರುವವರಿಗೆಲ್ಲ ಗೊತ್ತು, ಹಾಗಾಗಿ ನೇರವಾಗಿ ಕೇಳುತ್ತೇನೆ: ಮುಟ್ಟದ ಪ್ರತಿ ಎಲ್ಲಿ?

ಮುಟ್ಟದ ಪ್ರತಿ ಅಂದರೆ ಪ್ಲೇಟಿನ ಮೇಲೆ ಓಡುವ ಮುಳ್ಳು ಏನು ಓದಿತೋ ಅದನ್ನು ಓದಿದ ಹಾಗೇ ಇಟ್ಟ ಫೈಲು. ಅದಿಲ್ಲದಿದ್ದರೆ ಪ್ಲೇಟು ಸಿಕ್ಕಿಯೂ ಸಿಗದ ಹಾಗೆ.

ಗೊರಗೊರ ಯಾಕೆ ಬರುತ್ತದೆ ಅಂತ ತಿಳಿದರೆ ಅದನ್ನು ಅಳಿಸುವ ಅವಸರ ಕಡಿಮೆಯಾಗುತ್ತದೆ. ಅರಗಿನ ಪ್ಲೇಟು ಅನ್ನುತ್ತೇವೆ, ಆದರೆ ಅದರಲ್ಲಿ ಬಹುಪಾಲು ಕಲ್ಲಿನ ಪುಡಿ. ಅರಗು ಅದನ್ನು ಹಿಡಿದಿಡುವ ಅಂಟು. ಆಗಿನ ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತಿನಲ್ಲೇ ಸವೆದು ಗ್ರೂವಿನ (ಹಾಡು ಕೊರೆದ ಗೀರಿನ) ಆಕಾರಕ್ಕೆ ಬರಲಿ ಅಂತಲೇ ಆ ಒರಟು. ಒರಟಿನ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿರುತ್ತದೆ, ಮೇಲಿನ ತುದಿಯಲ್ಲಿ ಜಾಸ್ತಿ. ನಮ್ಮ ಸಕಾರ, ಚಕಾರ, ತಾಳದ ಲೋಹದ ನಾದ ಇರುವುದೂ ಅಲ್ಲೇ. ಸಾಫ್ಟ್‌ವೇರಿಗೆ ಯಾವುದು ಕಲ್ಲು, ಯಾವುದು ನಾಲಿಗೆ ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಗುಡಿಸುತ್ತದೆ.

ಜನಪದದಲ್ಲಿ ಒಂದು ಪದ ಹೋದರೆ ಎಷ್ಟು ಹೋಗುತ್ತದೆ ಗೊತ್ತೇ? ಅಮೆರಿಕದ ಬ್ಲೂಸ್ ಹಾಡುಗಾರ ಮಿಸಿಸಿಪ್ಪಿ ಜಾನ್ ಹರ್ಟ್ 1928ರಲ್ಲಿ ಕೆಲವು ಹಾಡು ಹಾಡಿ ಊರಿಗೆ ಮರಳಿದವರು. ಮತ್ತೆ ಅವರನ್ನು ಹುಡುಕಿದ್ದು 1963ರಲ್ಲಿ. ಹುಡುಕಲು ಸುಳಿವು ಕೊಟ್ಟದ್ದು ಅವರದೇ ಪ್ಲೇಟಿನಲ್ಲಿ ಅವರು ಹೇಳಿಕೊಂಡಿದ್ದ ಊರಿನ ಹೆಸರು, ಆವಲಾನ್. ಆ ಒಂದು ಪದ ಮಸುಕಾಗಿದ್ದರೆ? ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಮೊದಲು ತೊಳೆಯುವುದು. ಅರಗಿನ ಪ್ಲೇಟಿಗೆ ಆಲ್ಕೋಹಾಲ್ ತಾಗಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ವಿನೈಲ್ (ನಂತರದ ಕಾಲದ ಪ್ಲಾಸ್ಟಿಕ್) ಪ್ಲೇಟು ತೊಳೆಯುವ ದ್ರಾವಣಗಳಲ್ಲಿ ಅದು ಇರುವುದುಂಟು, ಬಾಟಲಿಯ ಮೇಲೆ ಓದಿ ನೋಡಿ. 1 ಲೀಟರ್ ಡಿಸ್ಟಿಲ್ಡ್ ನೀರಿಗೆ ನಾನ್‌ಅಯಾನಿಕ್ ಡಿಟರ್ಜೆಂಟ್ ಎರಡು ಮೂರು ಹನಿ ಸಾಕು. ಮೆತ್ತನೆ ಬ್ರಷ್ಷನ್ನು ಗ್ರೂವ್ ಹೋದ ದಿಕ್ಕಿನಲ್ಲೇ ಆಡಿಸಿ, ಅಡ್ಡ ಉಜ್ಜಬೇಡಿ. ಲೇಬಲ್ ಒದ್ದೆಯಾಗಬಾರದು. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಅಂಚು ಬಿರಿದಿದ್ದರೆ ನೀರಿನಲ್ಲಿ ನೆನೆಹಾಕಲೇಬಾರದು. ಕೆಲವು ಪ್ಲೇಟುಗಳ ಒಳಪದರದಲ್ಲಿ ಕಾಗದ ಇರುತ್ತದೆ, ಅದು ಉಬ್ಬಿ ಮೇಲ್ಪದರ ಏಳುತ್ತದೆ.

ಮುಳ್ಳಿನ ತಪ್ಪು ಎಲ್ಲೆಲ್ಲೂ ಕಾಣುತ್ತೇನೆ. ಎಲ್‌ಪಿ (ನಂತರದ ವಿನೈಲ್ ಪ್ಲೇಟು) ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ರ ಪ್ಲೇಟಿಗೆ ಬೇಕಾದದ್ದು ಸುಮಾರು 65ರಿಂದ 75. ಎಲ್‌ಪಿ ಮುಳ್ಳು ಹಾಕಿದರೆ ಅದು ಗೋಡೆಗಳಿಗೆ ತಾಗದೆ ಗ್ರೂವಿನ ತಳದ ಕಸವನ್ನು ಕೆರೆಯುತ್ತ ಹೋಗುತ್ತದೆ. ಅರ್ಧ ಗೊರಗೊರ ಅಲ್ಲಿಂದಲೇ! ಸರಿಯಾದ ಮುಳ್ಳು ಹಾಕುವುದು ಬಿಟ್ಟು ಸಾಫ್ಟ್‌ವೇರಿಗೆ ಯಾಕೆ ಓಡುತ್ತೀರಿ? ಎರಡು ಮೂರು ಅಳತೆಯ ಮುಳ್ಳಿದ್ದರೆ ಇನ್ನೂ ಒಳ್ಳೆಯದು. ಹಳೇ ಮುಳ್ಳು ಸವೆಸದ ಎತ್ತರದಲ್ಲಿ ಹೊಸ ಮುಳ್ಳು ಕೂತರೆ ಹಾಡು ತಾನಾಗಿ ತಿಳಿಯಾಗುತ್ತದೆ. ಮುಳ್ಳು ಪ್ಲೇಟಿನ ಮೇಲೆ ಊರುವ ಭಾರ 3ರಿಂದ 5 ಗ್ರಾಂ ಇರಲಿ.

ವೇಗ. 78 ಅಂತ ಬರೆದಿದ್ದರೂ ಹಳೆಯ ಧ್ವನಿಮುದ್ರಣಗಳೆಲ್ಲ ಅದೇ ವೇಗದಲ್ಲಿ ಆದವಲ್ಲ, ವಿಶೇಷವಾಗಿ 1925ಕ್ಕೆ ಮುಂಚಿನ, ಮೈಕಿಲ್ಲದೆ ಕೊಂಬಿನೊಳಗೆ ಹಾಡುತ್ತಿದ್ದ ಕಾಲದವು. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಏರುತ್ತದೆ, 3 ನಿಮಿಷ 10 ಸೆಕೆಂಡಿನ ಹಾಡು 3 ನಿಮಿಷಕ್ಕೇ ಮುಗಿಯುತ್ತದೆ. ಆಮೇಲೆ 'ಎಂಥ ಏರುದನಿ!' ಅಂತ ಹೊಗಳುತ್ತೇವೆ. ಮೊದಲು ಸ್ಟ್ರೋಬ್ ಬಿಲ್ಲೆ (ವೇಗ ನೋಡಲು ಸುತ್ತಲೂ ಗೆರೆ ಹಾಕಿದ ಬಿಲ್ಲೆ) ಇಟ್ಟು ಯಂತ್ರದ ವೇಗ ಪರೀಕ್ಷಿಸಿ. 50 ಹರ್ಟ್ಸ್ ಕರೆಂಟಿನ ದೀಪದಡಿ 77 ಗೆರೆಯ ಬಿಲ್ಲೆ ನಿಂತಂತೆ ಕಂಡರೆ ವೇಗ ನಿಮಿಷಕ್ಕೆ 77.92 ಸುತ್ತು. ಆಮೇಲೆ ಕಿವಿಯಿಂದ ತೀರ್ಮಾನಿಸಿ, ತೀರ್ಮಾನ ಯಾವುದರ ಮೇಲೆ ಅಂತ ಬರೆದಿಡಿ. ದನಿ ಸುತ್ತಿಗೊಮ್ಮೆ ತೂಗಿದರೆ ನಡುವಿನ ತೂತು ಸರಿಯಾದ ಜಾಗದಲ್ಲಿಲ್ಲ ಅಂತ ಅರ್ಥ. ದಯವಿಟ್ಟು ತೂತು ದೊಡ್ಡದು ಮಾಡಬೇಡಿ.

ಪ್ರೀಆಂಪಿನ (ಮುಳ್ಳಿನಿಂದ ಬಂದ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಪೆಟ್ಟಿಗೆಯ) ವಿಷಯ. ಆರ್‌ಐಎಎ ಸಮೀಕರಣ, ಅಂದರೆ ಪ್ಲೇಟು ನುಡಿಸುವಾಗ ಮೇಲ್ದನಿ ಇಳಿಸಿ ಕೆಳದನಿ ಏರಿಸುವ ಲೆಕ್ಕ, ಬಂದದ್ದು 1954ರಲ್ಲಿ. ಅದು 10 ಕಿಲೋಹರ್ಟ್ಸ್‌ನಲ್ಲಿ 13.7 ಡೆಸಿಬಲ್ ಇಳಿಸುತ್ತದೆ. ಕೊಂಬಿನ ಕಾಲದ ಪ್ಲೇಟಿಗೆ ಅದನ್ನು ಹಚ್ಚಿದರೆ ಇದ್ದ ಅಲ್ಪಸ್ವಲ್ಪ ಮೇಲ್ದನಿಯೂ ಹೋಯಿತು. ಫ್ಲ್ಯಾಟಾಗಿ, ಅಂದರೆ ಏನೂ ಏರಿಸದೆ ಇಳಿಸದೆ, ಮುದ್ರಿಸಿಕೊಳ್ಳಿ, ಸಮೀಕರಣ ಆಮೇಲೆ. ಪ್ಲೇಟು ಮೋನೋ (ಒಂದೇ ಚಾನೆಲ್ಲಿನದು) ಆದರೂ ಗ್ರೂವಿನ ಗೋಡೆಗೊಂದರಂತೆ ಎರಡೂ ಚಾನೆಲ್ ಹಿಡಿಯಿರಿ. ಒಂದು ಕಡೆಯ ಗೋಡೆ ಸವೆದು ಇನ್ನೊಂದು ಚೆನ್ನಾಗಿರುವುದು ಬಹಳ ಸಲ ಉಂಟು.

'ಸಾಮಾನ್ಯ ಕೇಳುಗರಿಗೆ ಗೊರಗೊರ ಸಹಿಸಲಾಗುವುದಿಲ್ಲ, ಸ್ವಚ್ಛ ಮಾಡದಿದ್ದರೆ ಯಾರು ಕೇಳುತ್ತಾರೆ' ಅನ್ನುತ್ತಾರೆ. ಸರಿ, ಅವರಿಗಾಗಿ ಬೇರೆ ಪ್ರತಿ ಮಾಡಿ. ಟಿಕ್ ಟಿಕ್ಕುಗಳನ್ನು ಒಂದೊಂದಾಗಿ ಕೈಯಿಂದ ತೆಗೆಯಿರಿ, ಗೊರಗೊರವನ್ನು 3-4 ಡೆಸಿಬಲ್ ಇಳಿಸಿ ನಿಲ್ಲಿಸಿ. ಅದಕ್ಕೂ ಮುಟ್ಟದ ಪ್ರತಿ ಎಸೆಯುವುದಕ್ಕೂ ಏನು ಸಂಬಂಧ? 24 ಬಿಟ್, 96 ಕಿಲೋಹರ್ಟ್ಸ್, ಎರಡು ಚಾನೆಲ್, 3 ನಿಮಿಷ ಅಂದರೆ ಸುಮಾರು 104 ಎಂಬಿ. ಇಷ್ಟಕ್ಕೆ ಜಾಗವಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕೊನೆ ಕತ್ತರಿಸಿದ್ದು ನನಗೆ ಎಲ್ಲಕ್ಕಿಂತ ನೋವು ಕೊಟ್ಟಿದೆ. 1902ರಲ್ಲಿ ಕಲ್ಕತ್ತೆಯ ಗಾಯಕಿ ಗೌಹರ್ ಜಾನ್ ಹಾಡು ಮುಗಿಸಿ ತಮ್ಮ ಹೆಸರು ಹೇಳುತ್ತಿದ್ದರು. ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಗುರುತು ಸಿಗಲಿ ಅಂತ. ಜನಪದ ಪ್ಲೇಟುಗಳಲ್ಲಿ ಲೇಬಲ್ಲಿನ ಮೇಲೆ ಹಾಡಿದವರ ಹೆಸರೇ ಇಲ್ಲದಿದ್ದಾಗ ಆ ಎರಡು ಸೆಕೆಂಡೇ ಸಾಕ್ಷಿಯಾಗಬಹುದು.

ಆ ಹಾಡು ಹಂಚಿದವರು ಇದನ್ನು ಓದುತ್ತಿದ್ದರೆ, ಪ್ಲೇಟು ಇನ್ನೂ ಕೈಯಲ್ಲಿದ್ದರೆ, ಎರಡೂ ಬದಿಯ ಲೇಬಲ್ಲಿನ ಫೋಟೋ ತೆಗೆಯಿರಿ. ಲೇಬಲ್ಲಿಗೂ ಕೊನೆಯ ಗ್ರೂವಿಗೂ ನಡುವಿನ ಖಾಲಿ ಪಟ್ಟಿಗೆ ಟಾರ್ಚನ್ನು ಓರೆಯಾಗಿ ಹಿಡಿದರೆ ಮ್ಯಾಟ್ರಿಕ್ಸ್ ನಂಬರ್ (ಆ ಧ್ವನಿಮುದ್ರಣದ ಗುರುತಿನ ಸಂಖ್ಯೆ) ಕಾಣುತ್ತದೆ, ಅದನ್ನು ಬರೆದುಕೊಳ್ಳಿ. ಆಮೇಲೆ ಇನ್ನೊಮ್ಮೆ ಮುದ್ರಿಸಿ. ಮುಳ್ಳು ಇಳಿಯುವ ಮೊದಲೇ ರೆಕಾರ್ಡಿಂಗ್ ಶುರುವಾಗಲಿ, ಹಾಡು ಮುಗಿದ ಮೇಲೂ ಎತ್ತಬೇಡಿ. ಲೇಬಲ್ಲಿನ ಹತ್ತಿರದವರೆಗೆ ಓಡಲಿ.