ಮುಚ್ಚಳ ತೆಗೀರಿ ಮಾರಾಯ್ರೆ

ಹಳೇ ಕ್ಯಾಮೆರಾ ಮಾರುವವರೆಲ್ಲ ಹೇಳುವುದು ಒಂದೇ ಮಾತು. "ಜಾಸ್ತಿ ಬಳಸಿಲ್ಲ ಸಾರ್, ಬೀರುವಿನಲ್ಲೇ ಇತ್ತು." ಬೇರೆ ಊರಲ್ಲಾದರೆ ಇದು ಹೊಗಳಿಕೆ ಇರಬಹುದು. ವರ್ಷಕ್ಕೆ 7000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಆಗುಂಬೆ ಕಡೆ ಬೀರುವಿನಲ್ಲಿತ್ತು ಅಂದರೆ ನನಗೆ ಭಯವಾಗುತ್ತದೆ. ಅಲ್ಲಿ ಬೆಲ್ಟಿಗೆ, ಚಪ್ಪಲಿಗೆ, ಕೊನೆಗೆ ಮದುವೆ ಆಲ್ಬಮ್ಮಿಗೂ ಬೂಷ್ಟು ಬರುತ್ತದೆ. ಇನ್ನು ಲೆನ್ಸ್ ಯಾವ ಲೆಕ್ಕ?

ಹಳೇ ಕ್ಯಾಮೆರಾ ಕೊಳ್ಳೋಣ ಅಂತ ತೀರ್ಥಹಳ್ಳಿ ಹತ್ತಿರ ಒಬ್ಬ ರಾಯರ ಮನೆಗೆ ಹೋಗಿದ್ದೆ. ನಿಕಾನ್ ಡಿ90. ವಿಡಿಯೊ ತೆಗೆಯುವ ಮೊದಲ ಡಿಎಸ್ಎಲ್ಆರ್ (ಲೆನ್ಸ್ ಬಿಚ್ಚಿ ಬದಲಿಸಬಹುದಾದ ಕ್ಯಾಮೆರಾ) ಅಂತ 2008ರಲ್ಲಿ ದೊಡ್ಡ ಹೆಸರು ಮಾಡಿದ್ದು. ಅಮೆರಿಕದಲ್ಲಿರುವ ಮಗ ತಂದುಕೊಟ್ಟಿದ್ದಂತೆ. ಹಳೇ ರೇಷ್ಮೆ ಸೀರೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಇಟ್ಟಿದ್ದರು. ಹೊರಗೆ ಒಂದು ಗೀರೂ ಇಲ್ಲ.

ನಾನು ಲೆನ್ಸಿನ ಮುಚ್ಚಳ ಹಾಕಿಕೊಂಡೇ ಬೆಳಕಿನ ಬಾಗಿಲಾದ ಶಟರನ್ನು ಅರ್ಧ ನಿಮಿಷ ತೆರೆದಿಟ್ಟು ಒಂದು ಫೋಟೊ ತೆಗೆದೆ. ಚಿತ್ರ ಹಿಡಿಯುವ ಸೆನ್ಸರಿನಲ್ಲಿ ಕೆಟ್ಟ ಪಿಕ್ಸೆಲ್ ಇದ್ದರೆ ಆ ಕಪ್ಪು ಫೋಟೊದಲ್ಲಿ ಕೆಂಪು, ನೀಲಿ ಚುಕ್ಕೆಯಾಗಿ ಹೊಳೆಯುತ್ತದೆ. ರಾಯರು ನನ್ನನ್ನೇ ನೋಡುತ್ತಿದ್ದರು. ಪಾಪ, ತಡೆಯಲಾಗಲಿಲ್ಲ.

"ಮುಚ್ಚಳ ತೆಗೀರಿ ಮಾರಾಯ್ರೆ," ಎಂದರು. ಸಾಲದ್ದಕ್ಕೆ ಒಳಗೆ ತಿರುಗಿ, "ಇವ್ರಿಗೆ ಕ್ಯಾಮೆರಾ ಹೊಸ್ತು ಕಾಣ್ತದೆ ಕಣೇ!"

ಆಮೇಲೆ ಧೂಳಿನ ಪರೀಕ್ಷೆ. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಎಫ್/22ರಷ್ಟು ಕಿರಿದು ಮಾಡಿ ಬರೀ ಬಿಳಿ ಇರುವುದೇನನ್ನಾದರೂ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಆದರೆ ಆ ಮನೆಯ ಗೋಡೆ ತುಂಬ ಮಳೆನೀರು ಇಳಿದ ಕಲೆ. ಬೆಳ್ಳಗೆ ಇದ್ದಿದ್ದು ರಾಯರ ಪಂಚೆಯೊಂದೇ. ಅವರನ್ನು ಜಗಲಿಯ ಬೆಳಕಿಗೆ ನಿಲ್ಲಿಸಿ, ನಾನು ಮಂಡಿಯೂರಿ, ಫ್ರೇಮ್ ತುಂಬ ಪಂಚೆಯನ್ನೇ ತುಂಬಿಸಿ ಕ್ಲಿಕ್ ಮಾಡುತ್ತಿದ್ದಾಗ ಆ ಮನೆಯ ಅಮ್ಮ ಕಾಫಿ ತಂದರು.

"ಮುಖ ಬಿಟ್ಟು ಎಂತ ತೆಗೆಯೋದು ಇವ್ರು?"

ಫೋಟೊದಲ್ಲಿ ಮೂರು ಮಚ್ಚೆ ಕಂಡವು. ಎರಡು ಧೂಳು. ಇನ್ನೊಂದು ಎಲೆಯಡಿಕೆ ಕಲೆ.

ಕೊನೆಗೆ ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ. ಒಳಗಾಜಿನ ಅಂಚಿನಿಂದ ನಡುವಿನವರೆಗೆ ಎಳೆ ಎಳೆಯಾಗಿ ಬೂಷ್ಟು ಬೇರು ಬಿಟ್ಟಿತ್ತು. ಅಮ್ಮನೂ ಬಗ್ಗಿ ನೋಡಿದರು. "ಉಪ್ಪಿನಕಾಯಿಗೆ ಬಂದಿದ್ರೆ ಮೇಲಿಂದ ತೆಗೆದು ಎಸೀಬಹುದಿತ್ತು," ಎಂದರು. ರಾಯರು ಮಾತ್ರ ಪಟ್ಟು ಬಿಡಲಿಲ್ಲ. "ಆದ್ರೂ ಜಾಸ್ತಿ ಬಳಸಿಲ್ಲ, ಅಲ್ವಾ?"

ಶಿವಮೊಗ್ಗದಲ್ಲಿ ಸಿಕ್ಕಿದ ಸ್ಟುಡಿಯೊದವರು ಅಂಥ ಮಾತೇ ಆಡಲಿಲ್ಲ. "ಮದುವೆಗೆ ಹೊಡೆದಿದ್ದು ಸಾರ್. ಚೆನ್ನಾಗಿಯೇ ಹೊಡೆದಿದೀವಿ," ಎಂದು ನಿಕಾನ್ ಡಿ7000 ಒಂದನ್ನು ಮುಂದಿಟ್ಟರು. ಹಿಡಿಯ ರಬ್ಬರ್ ಎದ್ದು ಬಂದು ಫೆವಿಕ್ವಿಕ್ ಹಾಕಿಸಿಕೊಂಡಿತ್ತು. ಡಯಲ್ ಸಂದಿಯಲ್ಲಿ ಅರಿಶಿನ. ನಿಕಾನ್ ಫೋಟೊ ಫೈಲಿನೊಳಗೇ ಶಟರ್ ಎಷ್ಟು ಸಲ ಬಡಿದಿದೆ ಅನ್ನುವ ಲೆಕ್ಕ ಕೂತಿರುತ್ತದೆ. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ 1,18,000 ದಾಟಿತ್ತು. ಕಂಪನಿಯವರು ಇದನ್ನು 1,50,000 ಸಲದವರೆಗೆ ಪರೀಕ್ಷೆ ಮಾಡಿದ್ದಾರೆ. ಹಾಗಂತ ಅಲ್ಲಿಗೇ ನಿಲ್ಲುತ್ತದೆ ಅಂತಲ್ಲ, ಅಲ್ಲಿಯವರೆಗೆ ಓಡಲೇಬೇಕು ಅಂತಲೂ ಇಲ್ಲ. ಬ್ಯಾಟರಿಯ ವಯಸ್ಸು ಮೆನುವಿನಲ್ಲೇ ಬರುತ್ತದೆ. ಹೊಸದಕ್ಕೆ 0, ಬದಲಿಸುವ ಕಾಲಕ್ಕೆ 4. ಇದರದ್ದು 3.

ಆದರೆ ಲೆನ್ಸ್ ತಿಳಿನೀರು. ಒತ್ತಿದ ಬಟನ್ನೆಲ್ಲ ತಕ್ಷಣ ಮಾತು ಕೇಳುತ್ತಿತ್ತು. ಲಗ್ನದ ದಿನವೆಲ್ಲ ಗಾಳಿ ಬೆಳಕು ಕಂಡು, ವಾರ ವಾರ ಒರೆಸಿಸಿಕೊಂಡ ಕ್ಯಾಮೆರಾಕ್ಕೆ ಬೂಷ್ಟು ಹಿಡಿಯಲು ಪುರುಸೊತ್ತೆಲ್ಲಿ? ನನ್ನ ಓಟು ಇದಕ್ಕೇ. ಬ್ಯಾಟರಿ ತೋರಿಸಿ ಸ್ವಲ್ಪ ಇಳಿಸಿ, ರಬ್ಬರ್ ತೋರಿಸಿ ಇನ್ನೂ ಸ್ವಲ್ಪ ಇಳಿಸಿ, ತಂದೆ.

ಮುಂದಿನ ಲಗ್ನದ ಸೀಸನ್‌ನಲ್ಲಿ ಅವರದೇ ಫೋನು.

"ಸಾರ್, ನಮ್ಮ ಹೊಸ ಕ್ಯಾಮೆರಾ ಕೈ ಕೊಟ್ಟಿದೆ. ಭಾನುವಾರ ಒಂದು ಮುಹೂರ್ತ ಇದೆ. ಅದನ್ನ ಒಂದಿನ ಕೊಡ್ತೀರಾ?"

ಬಾಡಿಗೆ ಎಷ್ಟು ಕೊಡ್ತೀರಿ ಅಂತ ಕೇಳಿದೆ.